ಬಿಸಿಲಿಗೆ ಬಂದ ಖಡಕ್ ರೊಟ್ಟಿ

ಬನ್ನಿ ಮಕ್ಕಳೇ, ಹತ್ತಿರ ಸರಿದು ಕೂತುಕೊಳ್ಳಿ. ಕರಿಗಲ್ಲು ಎಂಬ ಒಂದು ರಾಜ್ಯ. ಆ ರಾಜ್ಯದಲ್ಲಿ ನಿಂಬೆವ್ವ ಎಂಬ ಹೆಣ್ಣುಮಗಳಿದ್ದಳು. ಅವಳ ಬಾಯಿ ಜೋರು, ಕೈ ಇನ್ನೂ ಜೋರು. ಅವಳು ಜೋಳದ ರೊಟ್ಟಿ ಬಡಿಯಲು ಕೂತರೆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು.

ರೊಟ್ಟಿ ಬಡಿಯುವುದನ್ನು ಬಲ್ಲವರು ಬಹಳ ಜನ. ಅದನ್ನು ಕೆಡದ ಹಾಗೆ ಇಡುವುದನ್ನು ಬಲ್ಲವಳು ನಿಂಬೆವ್ವ. ಮೊದಲು ಹಂಚಿನ ಮೇಲೆ ಬೇಯಿಸುತ್ತಿದ್ದಳು. ಆಮೇಲೆ ಒಲೆಯ ಬಾಯಿಗೆ ನಿಲ್ಲಿಸಿ ಕಾಯಿಸುತ್ತಿದ್ದಳು. ಆಮೇಲೆ ಬಿಸಿಲಿಗೆ ಹರವುತ್ತಿದ್ದಳು. ಪೂರ್ತಿ ಆರುವ ತನಕ ಒಂದರ ಮೇಲೊಂದು ಇಡುತ್ತಿರಲಿಲ್ಲ. ಆರಿದ ಮೇಲೆ ಬಿದಿರಿನ ಬುಟ್ಟಿಗೆ ಹಳೆಯ ಸೀರೆಯ ಅರಿವೆ ಹಾಸಿ, ರೊಟ್ಟಿ ಜೋಡಿಸಿ, ಮೇಲೊಂದು ಅರಿವೆ ಹೊದಿಸುತ್ತಿದ್ದಳು. ತಿಂಗಳುಗಟ್ಟಲೆ ಬಿಟ್ಟು ಮುರಿದರೂ ಕಟಕ್ ಎನ್ನಬೇಕು! ಅಂಥ ಕೈಯನ್ನು ಹೊಗಳದೆ ಇರಲು ನನ್ನಿಂದಂತೂ ಆಗದು.

ಹೊಳೆಯಾಚೆ ಗುಡ್ಡದ ಮೇಲೊಂದು ಕೋಟೆ. ಅಲ್ಲಿ ಗಡಿ ಕಾಯುವ ಸಿಪಾಯಿಗಳು. ಮಳೆಗಾಲ ಬಂತೆಂದರೆ ಹೊಳೆ ತುಂಬುತ್ತದೆ, ದೋಣಿ ಹೋಗದು. ಸೌದೆ ಒಣಗದು, ಒಲೆ ಹತ್ತದು. ಆಗ ನಿಂಬೆವ್ವನ ರೊಟ್ಟಿಯೇ ಅವರ ಜೀವ. ಪ್ರತಿ ವರ್ಷ ಮಳೆಗೆ ಮೊದಲು ಅವಳ ಬುಟ್ಟಿಗಳು ಅರಮನೆಯ ಉಗ್ರಾಣಕ್ಕೆ ಹೋಗಿ, ಅಲ್ಲಿಂದ ದೋಣಿ ಏರುತ್ತಿದ್ದವು.

ಉಗ್ರಾಣ ನೋಡಿಕೊಳ್ಳುವವನು ಬಾಳಪ್ಪ. ಅವನ ಹೊಟ್ಟೆ ದೊಡ್ಡದು, ಆಸೆ ಅದಕ್ಕಿಂತ ದೊಡ್ಡದು. ಆ ವರ್ಷ ಅವನು ಬುಟ್ಟಿಯಿಂದ ಒಂದು ರೊಟ್ಟಿ ಮುರಿದು ಬಾಯಿಗಿಟ್ಟ. ಇನ್ನೊಂದು ಮುರಿದ. ಮತ್ತೊಂದು ಮುರಿದ. "ಇಂಥಾ ರೊಟ್ಟಿ ಆ ಸಿಪಾಯಿಗಳಿಗ್ಯಾಕ? ಮಳಿಗಾಲ ಪೂರ್ತಿ ನಾನ ಕುಂತು ತಿಂತೀನಿ" ಅಂದುಕೊಂಡ.

ರೊಟ್ಟಿಯನ್ನೆಲ್ಲ ತನ್ನ ಮನೆಯ ಒಳಕೋಣೆಗೆ ಸಾಗಿಸಿದ. ದಾರಿಹೋಕರಾದ ಪರವೂರಿನ ಅಡುಗೆಯವರನ್ನು ಹಿಡಿದು ದಪ್ಪ ದಪ್ಪ ರೊಟ್ಟಿ ಮಾಡಿಸಿದ. ಹಂಚಿನಿಂದ ಇಳಿದ ಬಿಸಿಯಲ್ಲೇ ಬುಟ್ಟಿಗೆ ತುಂಬಿ, ಬಿಗಿಯಾಗಿ ಮುಚ್ಚಿ ದೋಣಿಗೆ ಹಾಕಿಸಿದ. ಉಗಿ ಒಳಗೇ ಕೂತಿತು. ಕೋಟೆಯಲ್ಲಿ ಬುಟ್ಟಿ ಬಿಚ್ಚಿ ನೋಡಿದರೆ ಎಲ್ಲ ಹಸಿರು ಬೂಷ್ಟು.

ಕೋಟೆಯ ಸಿಪಾಯಿ ರಾಣೋಜಿ ಒಂದು ಬುಟ್ಟಿ ಹೊತ್ತುಕೊಂಡು ಓಡೋಡಿ ಅರಮನೆಗೆ ಬಂದ. "ಮಹಾರಾಜ್ರ, ಇದನ್ನ ನಾಯೀನೂ ಮೂಸಂಗಿಲ್ರಿ. ಹೊಳಿ ತುಂಬೂದ್ರೊಳಗ ಬ್ಯಾರೆ ರೊಟ್ಟಿ ಬರಲಿಲ್ಲಂದ್ರ ನಾವೆಲ್ಲಾ ಉಪಾಸ ಸಾಯ್ತೀವ್ರಿ" ಎಂದು ಕಣ್ಣೀರು ಹಾಕಿದ.

ರಾಜ ವೀರಮಲ್ಲ ನಿಂಬೆವ್ವನನ್ನು ಕರೆಸಿದ. ಅವಳು ರೊಟ್ಟಿ ಮುಟ್ಟಿದಳು. ಮುರಿದಳು. ಮೂಸಿದಳು.

"ಇವು ನನ್ನ ರೊಟ್ಟಿ ಅಲ್ರೀ. ಬಿಸಿ ಇರೂವಾಗ ಮುಚ್ಚಿಟ್ಟಾರ. ಬೆವತು ಕೆಟ್ಟಾವು."

ಬಾಳಪ್ಪ ಕಿಸಕ್ಕನೆ ನಕ್ಕ. "ರೊಟ್ಟಿ ಮ್ಯಾಲ ಹೆಸರು ಬರದಿರ್ತೈತೇನವ್ವ? ಹಾಳು ಮಾಡಿದವಳು ನೀನ. ಒಪ್ಪಿಕೋ."

ರಾಜನಿಗೆ ಯಾರ ಮಾತು ನಂಬಬೇಕೋ ತಿಳಿಯಲಿಲ್ಲ. "ನಿಂಬೆವ್ವ, ಇವು ನಿನ್ನವಲ್ಲಂದ್ರ ನಿನ್ನವು ಎಲ್ಲಿ ಅದಾವಂತ ತೋರಿಸು. ಹೊಳಿ ತುಂಬೂದ್ರೊಳಗ ತೋರಿಸಲಿಲ್ಲಂದ್ರ ನಿನ್ನ ಹಂಚು ಒಡಿಸಿ, ನಿನ್ನನ್ನ ರಾಜ್ಯದಿಂದ ಹೊರಗ ಹಾಕಸ್ತೀನಿ" ಎಂದ.

ಮೋಡ ಆಗಲೇ ಕಟ್ಟುತ್ತಿತ್ತು. ಹೊಸದಾಗಿ ಬಡಿದು ಒಣಗಿಸಲು ಹೊತ್ತಿರಲಿಲ್ಲ. ತನ್ನ ಗತಿ ಹಾಗಿರಲಿ, ಕೋಟೆಯ ಸಿಪಾಯಿಗಳು ಹಸಿದಿರುತ್ತಾರಲ್ಲ ಎಂದು ನಿಂಬೆವ್ವ ಮರುಗಿದಳು. ತನ್ನ ಕೈಗೂ ದೋಣಿಗೂ ನಡುವೆ ಇರುವ ಕೈ ಬಾಳಪ್ಪನದೊಂದೇ ಎಂದು ಅವಳಿಗೆ ಹೊಳೆಯಿತು. ಹೊಳೆದದ್ದೇ ತಡ, ಹಣೆ ಹಣೆ ಬಡಿದುಕೊಂಡಳು.

"ಅಯ್ಯೋ ಶಿವನ! ಕದ್ದವರು ಯಾರ ಇರಲಿ, ಅವರ ಜೀವ ಹೋಗತೈತಲ್ರೀ! ಮೋಡ ಕಟ್ಟಿದ ಮ್ಯಾಲ ನನ್ನ ರೊಟ್ಟಿಗೆ ಒಂದು ಮಧ್ಯಾಹ್ನದ ಬಿಸಿಲು ತೋರಸಬೇಕ್ರೀ. ಇಲ್ಲಂದ್ರ ವಿಷ ಆಗತೈತಿ. ಬಿಸಿಲು ಕಂಡರ ಮತ್ತ ಅಮೃತ!"

ಬಿಸಿಲಿಗೆ ಹಾಕುವುದು ನಿಜ, ವಿಷವಾಗುವುದು ಸುಳ್ಳು. ಕಳ್ಳನನ್ನು ಹೊರಗೆಳೆಯಲು ಆಡಿದ ಮಾತದು, ಅದನ್ನು ನಾನು ಸುಳ್ಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ನೀವೂ ಹಿಡಿಯಬೇಡಿ. ಬೆಳಗ್ಗೆ ತಾನೇ ಅದೇ ರೊಟ್ಟಿ ತಿಂದು ಬಂದಿದ್ದ ಬಾಳಪ್ಪ ಮೆಲ್ಲಗೆ ಜಾರಿ ಮನೆಯ ದಾರಿ ಹಿಡಿದ.

ಮರುದಿನ ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿತ್ತು. ಬಾಳಪ್ಪ ರೊಟ್ಟಿಯನ್ನು ಕಿಟಕಿಯ ಹತ್ತಿರ ಹರವಿದ. ಬಿಸಿಲು ಗೇಣು ಜಾಗಕ್ಕೂ ಸಾಲಲಿಲ್ಲ. ಹಿತ್ತಲಲ್ಲಿ ಹರವಿದ. ಪಕ್ಕದ ಮನೆಯ ಆಡು ಬೇಲಿ ಹಾರಿ ಬಂತು. ಕೊನೆಗೆ ಎಲ್ಲವನ್ನೂ ಹೊತ್ತು ಮಾಳಿಗೆ ಹತ್ತಿದ. ಸುತ್ತ ಎತ್ತರದ ಗೋಡೆ, ಯಾರ ಕಣ್ಣಿಗೂ ಬೀಳದು ಎಂದು ನೆಮ್ಮದಿಯಿಂದ ಹರವಿದ.

ಮನುಷ್ಯರ ಕಣ್ಣಿಗೆ ಬೀಳಲಿಲ್ಲ. ಒಂದು ಕಾಗೆಯ ಕಣ್ಣಿಗೆ ಬಿತ್ತು. ಕಾಗೆ ಒಂಟಿಯಾಗಿ ತಿನ್ನುವುದುಂಟೇ?

"ಬರ್ರೋ ಬರ್ರೋ, ಬಾಳಪ್ಪನ ಮಾಳಿಗಿ ಮ್ಯಾಲ ಊಟ!" ಎಂದು ಕೂಗಿತು. ಅಕ್ಕ ಬಂದಳು, ಅಣ್ಣ ಬಂದ, ಸೋದರಮಾವ ಬಂದ. ಬಾಳಪ್ಪನ ಮನೆಯ ಮೇಲೆ ಆಕಾಶವೇ ಕಪ್ಪಾಯಿತು.

ವರ್ಷಾ ವರ್ಷಾ ರೊಟ್ಟಿ ಒಣಗಿಸಿ ಕಾಗೆ ಓಡಿಸಿದವಳು ನಿಂಬೆವ್ವ. ಆ ಮಧ್ಯಾಹ್ನ ಅವಳು ಅರಮನೆಯ ಅಂಗಳದಲ್ಲಿ ಆಕಾಶ ನೋಡುತ್ತಲೇ ಕೂತಿದ್ದಳು. "ಮಹಾರಾಜ್ರ, ಅಲ್ಲಿ ನೋಡ್ರೀ! ನನ್ನ ರೊಟ್ಟಿ ಅಲ್ಲೇ ಅದಾವು!" ಎಂದು ಕೂಗಿದಳು.

ರಾಜ ಬಂದ, ರಾಣೋಜಿ ಬಂದ, ಊರೇ ಬಂತು. ಮಾಳಿಗೆ ಹತ್ತಿ ನೋಡಿದರೆ ಬಾಳಪ್ಪ ರುಮಾಲು ಬಿಚ್ಚಿ ಬೀಸುತ್ತಾ ಕಾಗೆಗಳ ನಡುವೆ ಕುಣಿಯುತ್ತಿದ್ದಾನೆ! ರಾಜನನ್ನು ಕಂಡು ರುಮಾಲನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಇ... ಇವು ನನ್ನ ಹೆಂಡ್ತಿ ಬಡಿದ ರೊಟ್ರೀ."

ಹೆಂಡತಿ ಫಕೀರವ್ವ ಪಾಪದವಳು. ಗಂಡನ ಕಳ್ಳತನ ಅವಳಿಗೇನು ಗೊತ್ತು? ಕೆಳಗಿನಿಂದಲೇ ಕೂಗಿ ಹೇಳಿದಳು:

"ಅಯ್ಯ, ನಾ ಎಲ್ಲಿ ರೊಟ್ಟಿ ಬಡೀಲ್ರೀ? ದಿನಾ ಅರಮನಿಯಿಂದನ ಇವರು ಊಟ ತರ್ತಾರ. ನಮ್ಮನ್ಯಾಗ ಹಂಚ ಇಲ್ರೀ!"

ಜನ ಬಿದ್ದು ಬಿದ್ದು ನಕ್ಕರು. ರಾಣೋಜಿ ಒಂದು ರೊಟ್ಟಿ ಎತ್ತಿ ಮುರಿದ. ಕಟಕ್! "ಇದ ರೀ, ಇದ ನಿಂಬೆವ್ವನ ರೊಟ್ಟಿ" ಎಂದು ಕಣ್ಣಿಗೊತ್ತಿಕೊಂಡ. ರಾಜನಿಗೆ ನಾಚಿಕೆಯಾಯಿತು. ತುಂಬಿದ ಜನರ ಮುಂದೆ ನಿಂಬೆವ್ವನಿಗೆ ಕೈ ಮುಗಿದ.

"ತಪ್ಪಾತು ತಾಯಿ..."

"ತಪ್ಪು ಆಮ್ಯಾಲ ಒಪ್ಪಿಕೊಳ್ಳೀರಂತ. ಮೊದಲ ಆ ಕಾಗಿ ಓಡಸ್ರೀ!"

ಕರಿಗಲ್ಲಿನ ಮಹಾರಾಜ ತನ್ನ ಶಲ್ಯ ಬಿಚ್ಚಿ ಹುಶ್ ಹುಶ್ ಎಂದು ಕಾಗೆ ಓಡಿಸಿದ. ನಿಂಬೆವ್ವ ಒಂದೊಂದೇ ರೊಟ್ಟಿ ಎತ್ತಿ, ಆರಿದೆಯೇ ಎಂದು ಕೆನ್ನೆಗೆ ತಾಗಿಸಿ ನೋಡಿ, ಬುಟ್ಟಿಗೆ ಜೋಡಿಸಿದಳು. ಸಂಜೆಯೊಳಗೆ ದೋಣಿ ಹೊಳೆ ದಾಟಿತು. ಗುಡ್ಡದ ಮೇಲಕ್ಕೆ ಬುಟ್ಟಿ ಹೊತ್ತವನು ಬಾಳಪ್ಪ. ಮಳೆಗಾಲ ಮುಗಿಯುವ ತನಕ ಅಲ್ಲೇ ಇದ್ದು, ಎಲ್ಲ ಸಿಪಾಯಿಗಳಿಗೂ ಬಡಿಸಿ ಕೊನೆಯಲ್ಲಿ ಉಣ್ಣಬೇಕು ಎಂದು ರಾಜನ ಅಪ್ಪಣೆಯಾಗಿತ್ತು.

ಮಕ್ಕಳೇ, ಇದರ ನೀತಿ ಇಷ್ಟೇ. ಹಸಿದವರ ಪಾಲು ಕದ್ದವನು ಅದನ್ನು ಎಲ್ಲಿ ಬಚ್ಚಿಟ್ಟರೂ ಒಂದು ದಿನ ಬಯಲಿಗೆ ಬರಲೇಬೇಕು. ಮನಸ್ಸಿಟ್ಟು ಮಾಡಿದವರ ಕೆಲಸವನ್ನು ಯಾರೂ ತಮ್ಮದೆಂದು ಹೇಳಿ ದಕ್ಕಿಸಿಕೊಳ್ಳಲಾರರು.

ಅವರೆಲ್ಲ ಉಂಡು ಮಲಗಿದರು. ನೀವಿನ್ನೂ ಉಂಡಿಲ್ಲ, ಏಳಿ, ಕೈ ತೊಳೆದುಕೊಳ್ಳಿ.