ಮರಿಲಿಂಗಾಚಾರಿ ಉಜ್ಜಿದ ಹಲ್ಲು

ಚನ್ನಪಟ್ಟಣದಲ್ಲಿ ಮರಿಲಿಂಗಾಚಾರಿ ಎಂಬ ಗೊಂಬೆ ಮಾಡುವವನಿದ್ದ. ಅವನಷ್ಟು ಚೆನ್ನಾಗಿ ಮರ ಕಡೆಯುವವರು ಊರಲ್ಲಿ ಇನ್ನೂ ಕೆಲವರಿದ್ದರು. ಆದರೆ ಹೊಳಪು ಕೊಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಡೆಯುವ ಯಂತ್ರದಲ್ಲಿ ತಿರುಗುವ ಗೊಂಬೆಗೆ ಬಣ್ಣದ ಅರಗು ಹಚ್ಚಿ, ಅದರ ಮೇಲೆ ಒಣಗಿದ ತಾಳೆ ಗರಿ ಒತ್ತಿ ಹಿಡಿದನೆಂದರೆ, ಗೊಂಬೆಯ ಹೊಟ್ಟೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಅದು ಅವನ ಹೆಮ್ಮೆ. ಹೆಮ್ಮೆ ಇರಲಿ ಮಕ್ಕಳೇ, ತಪ್ಪಲ್ಲ. ಆದರೆ ಮಂಕಾದದ್ದು ಏನು ಕಂಡರೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಕುಡಿಯಲು ಕೊಟ್ಟ ನೀರಿನ ಲೋಟವನ್ನೂ ಪಂಚೆಯ ತುದಿಯಲ್ಲಿ ಉಜ್ಜಿಯೇ ಬಾಯಿಗಿಡುತ್ತಿದ್ದ. ನೆಂಟರಿಗೆ ಹೇಗನಿಸುತ್ತಿತ್ತೋ ನೀವೇ ಊಹಿಸಿ.

ಅವನ ಮೊಮ್ಮಗಳು ಇಂಚರ. ಶಾಲೆ ಬಿಟ್ಟ ಮೇಲೆ ತಾತನ ಪಕ್ಕ ಕೂತು ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದಳು. ಒಂದು ಗೊಂಬೆಗೆ ಕಣ್ಣು ಬರೆದರೆ ತಾತ ಒಂದು ಪೆಪ್ಪರಮಿಂಟು ಕೊಡಬೇಕು. ಅದು ಅವರಿಬ್ಬರ ಒಪ್ಪಂದ. ಗೊಂಬೆಗಳು ಬಹಳ, ಹಾಗಾಗಿ ಪೆಪ್ಪರಮಿಂಟೂ ಬಹಳ. ಹುಡುಗಿಯ ಒಂದು ಕೆನ್ನೆ ಸದಾ ಉಬ್ಬಿಕೊಂಡೇ ಇರುತ್ತಿತ್ತು.

ಹಾಲುಹಲ್ಲು ಬಿದ್ದು ಅವಳಿಗೆ ಮುಂದಿನ ಹೊಸ ಹಲ್ಲು ಬಂದಿದ್ದವು. ಸ್ವಲ್ಪ ಕಾಲದಲ್ಲೇ ಅವುಗಳ ಬುಡದಲ್ಲಿ ಸುಣ್ಣ ಮೆತ್ತಿದಂಥ ಬಿಳಿ ಮಚ್ಚೆ ಕಾಣಿಸಿದವು. ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು. ತಾತ ಅವಳನ್ನು ಹಲ್ಲಿನ ಡಾಕ್ಟರ್ ಶಾಹಿದಾ ಅವರ ಬಳಿ ಕರೆದುಕೊಂಡು ಹೋದ.

“ಹುಳುಕು ಇನ್ನೂ ಆಗಿಲ್ಲ ಯಜಮಾನ್ರೇ,” ಎಂದರು ಡಾಕ್ಟರ್. “ಹಲ್ಲಿನ ಮೇಲೆ ಎನಾಮೆಲ್ ಅಂತ ಒಂದು ಗಟ್ಟಿ ಪದರ ಇರುತ್ತೆ. ಅದು ಬಲ ಕಳ್ಕೊಂಡಿದೆ. ಈಗಲೇ ನೋಡ್ಕೊಂಡ್ರೆ ಮತ್ತೆ ಗಟ್ಟಿಯಾಗುತ್ತೆ. ತೂತು ಬಿತ್ತು ಅಂದ್ರೆ ಮಾತ್ರ ಕೊರೆದು ತುಂಬಲೇಬೇಕು. ಇದು ಬಿದ್ದು ಮತ್ತೆ ಬರೋ ಹಲ್ಲಲ್ಲ.”

ಕೊರೆಯುವುದು ಎಂದ ಕೂಡಲೇ ಇಂಚರ ತಾತನ ಕೈ ಹಿಡಿದುಕೊಂಡಳು. ದಿನವೂ ಮರ ಕೊರೆಯುವವನೂ ಆ ಮಾತು ಕೇಳಿ ಅವಳ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದ.

ಡಾಕ್ಟರ್ ಚಿಕ್ಕ ಕುಂಚದಲ್ಲಿ ಅಂಟಂಟಾದ ಔಷಧಿ ಅದ್ದಿ ಹಲ್ಲಿಗೆ ಸವರಿದರು. “ಇದು ಫ್ಲೋರೈಡ್ ವಾರ್ನಿಷ್. ಹಲ್ಲಿಗೆ ಅಂಟಿಕೊಂಡು ಕೂತ್ರೆ, ಹಲ್ಲು ಅದರ ಸತ್ವ ನಿಧಾನವಾಗಿ ಹೀರ್ಕೊಳ್ಳುತ್ತೆ. ಇವತ್ತು ಹಳದಿಯಾಗಿ ಮಂಕಾಗಿ ಕಾಣುತ್ತೆ, ಹಾಗೇ ಬಿಡಿ. ನಾಳೆ ಬೆಳಿಗ್ಗೆವರೆಗೂ ಉಜ್ಜಬೇಡಿ, ಬಿಸಿದು ಗಟ್ಟಿದು ಕೊಡಬೇಡಿ. ಪೆಪ್ಪರಮಿಂಟಂತೂ ಬೇಡವೇ ಬೇಡ.”

ದಾರಿಯುದ್ದಕ್ಕೂ ಮರಿಲಿಂಗಾಚಾರಿ ಮೊಮ್ಮಗಳ ಬಾಯಿಯನ್ನೇ ನೋಡುತ್ತ ಬಂದ. ಹಲ್ಲು ಹಳದಿಯಾಗಿತ್ತು, ಅಲ್ಲಲ್ಲಿ ಔಷಧಿ ಗಂಟು ಕಟ್ಟಿತ್ತು. ಡಾಕ್ಟರ್ ಹೇಳಿದ್ದೆಲ್ಲ ಅವನಿಗೆ ನೆನಪಿತ್ತು. ಆದರೂ ಕೈ ತುರಿಸುತ್ತಿತ್ತು. ‘ಡಾಕ್ಟ್ರಮ್ಮ ಚೆನ್ನಾಗೇ ಹಚ್ಚವ್ರೆ, ಪಾಪ, ಹೊಳಪು ಕೊಡೋದು ಒಂದು ಬಿಟ್ಬುಟ್ಟವ್ರೆ’ ಎಂದುಕೊಂಡ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ.

ಮನೆಗೆ ಬಂದವನೇ ತಾಳೆ ಗರಿಯ ಚೂರೊಂದನ್ನು ತೊಳೆದು ಮಡಚಿ ತಂದ.

“ಎಲ್ಲಿ, ಈ ಅನ್ನು ಮಗ.”

“ಉಜ್ಜಬೇಡಿ ಅಂದವ್ರಲ್ಲ ತಾತ?”

“ಬ್ರಷ್ಷಲ್ಲಿ ಉಜ್ಜಬಾರ್ದು ಕಣವ್ವ. ಇದೇನು ಬ್ರಷ್ಷಾ?”

ಇಂಚರ ಗರಿಯನ್ನು ತಿರುಗಿಸಿ ನೋಡಿದಳು, ಬ್ರಷ್ಷಂತೂ ಅಲ್ಲ. ಈ ಎಂದಳು. ತಾತ ಉಜ್ಜಿದ. ಹಲ್ಲು ಫಳಫಳ ಎಂದವು. ಕೆಲಸ ಚೊಕ್ಕವಾಯಿತೆಂಬ ಖುಷಿಗೆ ಅವಳ ಕೈಗೊಂದು ಪೆಪ್ಪರಮಿಂಟನ್ನೂ ಇಟ್ಟ. ನಿಮಗೂ ಇಂಥ ತಾತ ಇದ್ದರೆ ಸ್ವಲ್ಪ ಹುಷಾರಾಗಿರಿ.

ಮೂರು ತಿಂಗಳ ಮೇಲೆ ಮತ್ತೆ ಹೋದಾಗ ಡಾಕ್ಟರ್ ನೋಡಿ ಹುಬ್ಬು ಗಂಟಿಕ್ಕಿದರು. “ಮಚ್ಚೆ ಕಡಿಮೆಯಾಗಬೇಕಿತ್ತು, ಇನ್ನೂ ದೊಡ್ಡದಾಗಿದೆಯಲ್ಲ. ಅವತ್ತು ಹಲ್ಲು ಉಜ್ಜಿದ್ಯಾ ಪುಟ್ಟಿ?”

“ನಾನು ಉಜ್ಜಲಿಲ್ಲ. ತಾತ ಪಾಲಿಶ್ ಮಾಡ್ತು.”

ತಾಳೆ ಗರಿಯ ಸಂಗತಿ ಕೇಳಿ ಡಾಕ್ಟರಿಗೆ ಮೊದಲು ನಗು ತಡೆಯಲಾಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: “ಯಜಮಾನ್ರೇ, ನೀವು ಒರೆಸಿ ಹಾಕಿದ್ದೇ ಔಷಧಿ. ಇನ್ನೊಂದು ಸಲ ಹಚ್ತೀನಿ. ಈ ಸಲವೂ ಹಿಡೀಲಿಲ್ಲ ಅಂದ್ರೆ ಕೊರೀಬೇಕಾಗುತ್ತೆ.”

ಮರಿಲಿಂಗಾಚಾರಿಯ ಮುಖ ಸಪ್ಪಗಾಯಿತು. “ತಪ್ಪಾಯ್ತು ಡಾಕ್ಟ್ರಮ್ಮ. ಹಸಿ ಮರ ತಂದ್ರೆ ತಿಂಗಳುಗಟ್ಲೆ ನೆರಳಲ್ಲಿ ಒಣಗಕ್ಕೆ ಬಿಡ್ತೀನಿ. ಅವಸರ ಮಾಡುದ್ರೆ ಗೊಂಬೆ ಸೀಳ್ಕತದೆ ಅಂತ ನಂಗೊತ್ತು. ಮರಕ್ಕೆ ಕಾಯೋನು ನಮ್ ಕೂಸಿನ ಹಲ್ಲಿಗೆ ಒಂದಿನ ಕಾಯ್ಲಿಲ್ವಲ್ಲ.”

ಡಾಕ್ಟರ್ ಮತ್ತೆ ಔಷಧಿ ಸವರಿ ಕಳಿಸಿದರು. ಅವತ್ತೇ ಸಂಜೆ ಬೀದಿಯಲ್ಲೊಂದು ನಾಮಕರಣ. ಮಗುವಿನ ಸೋದರತ್ತೆ ಸ್ವಲ್ಪ ಬಾಯಿ ಜೋರು. ಇಂಚರ ಹಳದಿ ಹಲ್ಲು ತೋರಿಸಿ ನಕ್ಕದ್ದನ್ನು ನೋಡಿ, “ಏನ್ ಆಚಾರ್ರೇ, ಊರ್ ಗೊಂಬೆಗೆಲ್ಲ ಹೊಳಪು ಕೊಡ್ತೀರ, ಮೊಮ್ಮಗಳ ಹಲ್ಲು ಹಿಂಗೈತಲ್ಲ?” ಎಂದಳು. ಸುತ್ತ ಇದ್ದವರೆಲ್ಲ ನಕ್ಕರು.

ಇಂಚರ ಬಾಯಿ ಮುಚ್ಚಿಕೊಂಡು ತಾತನ ಹತ್ತಿರ ಬಂದಳು. “ಒಂಚೂರು ಉಜ್ಜು ತಾತ. ಎಲ್ಲಾ ನಗ್ತಾವ್ರೆ.”

ಮರಿಲಿಂಗಾಚಾರಿಗೆ ಅವಮಾನವಾಗಿತ್ತು. ಮೊಮ್ಮಗಳ ಕಣ್ಣಲ್ಲಿ ನೀರು ಕಂಡು ಸಂಕಟವೂ ಆಯಿತು. ಸೊಂಟದ ಪಂಚೆಯಲ್ಲಿ ಗರಿಯ ಚೂರು ಇದ್ದೇ ಇತ್ತು. ಕೈ ಅಲ್ಲಿಯವರೆಗೆ ಹೋಯಿತು. ಅವನು ಆ ಕೈಯನ್ನು ಹಿಂದಕ್ಕೆಳೆದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಗಟ್ಟಿಯಾಗಿ ಕೂತ.

“ನಗ್ಲಿ ಬಿಡವ್ವ,” ಎಂದ. “ಅವ್ರು ನಗೋದು ಇವತ್ತೊಂದಿನ. ನೀನು ನಗಬೇಕಾಗಿರೋದು ಜೀವಮಾನೆಲ್ಲ.”

ಬಡಿಸಲು ಬಂದವರು ‘ಕೈ ತೆಗೀರಿ ಆಚಾರ್ರೇ’ ಎನ್ನುವವರೆಗೂ ಹಾಗೇ ಕೂತಿದ್ದ.

ಮರುವಾರದಿಂದ ಒಪ್ಪಂದವೂ ಬದಲಾಯಿತು. ಗೊಂಬೆಗೆ ಕಣ್ಣು ಬರೆದರೆ ಪೆಪ್ಪರಮಿಂಟಿನ ಬದಲು ಒಂದು ಹಿಡಿ ಹುರಿಗಡಲೆ. ಇಂಚರ ಮೊದಲು ಮುನಿಸಿಕೊಂಡಳು. ತಾತ ತನ್ನ ಬೊಚ್ಚು ಬಾಯಿ ತೋರಿಸಿ, “ನಂಗೆ ಕಡ್ಲೆ ಐತೆ, ಹಲ್ಲಿಲ್ಲ. ನಿಂಗೆ ಎರಡೂ ಇರ್ಲಿ” ಎಂದಾಗ ನಗದೆ ಏನು ಮಾಡುತ್ತಾಳೆ?

ಮುಂದಿನ ಸಲ ಡಾಕ್ಟರ್ ಬಹಳ ಹೊತ್ತು ನೋಡಿದರು. ತಾತ ಮೊಮ್ಮಗಳು ಇಬ್ಬರೂ ಅವರ ಹುಬ್ಬನ್ನೇ ನೋಡುತ್ತಿದ್ದರು.

“ಗಟ್ಟಿಯಾಗಿದೆ,” ಎಂದರು ಡಾಕ್ಟರ್. “ಕೊರೆಯೋದು ಬೇಡ. ಬಿಳಿ ಗುರುತು ಒಂದಿಷ್ಟು ಉಳಿಯುತ್ತೆ, ಅಷ್ಟೆ.”

ಇಂಚರ ತಾತನ ಕಡೆ ತಿರುಗಿ ಬಾಯಿ ತುಂಬ ನಕ್ಕಳು. “ಗುರುತು ಉಳ್ಕತದಂತೆ ತಾತ. ಪರವಾಗಿಲ್ವಾ?”

ಊರಿನ ಲೋಟಗಳ ಕಲೆಯನ್ನೆಲ್ಲ ಹುಡುಕುತ್ತಿದ್ದ ಮನುಷ್ಯ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

“ಎಲ್ಲೈತೆ ಗುರುತು?” ಎಂದ. “ನಂಗ್ಯಾವುದೂ ಕಾಣ್ತಿಲ್ಲ ಕಣವ್ವ.”

ನೀತಿ: ಮೇಲಿನ ಹೊಳಪಿಗೆ ಆತುರಪಟ್ಟರೆ ಒಳಗಿನ ಬಲ ಕೈತಪ್ಪುತ್ತದೆ. ಒಳಗೆ ಗಟ್ಟಿಯಾಗುವ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಅದು ಮುಗಿಯುವವರೆಗೆ ಕೈ ಕಟ್ಟಿ ಕಾಯುವುದೂ ಪ್ರೀತಿಯೇ.