ಕೆಂಪುದಿಬ್ಬದ ಗಡಿಗೆರೆ

ಏಳು ಹಳ್ಳ ಹರಿಯುವ ಒಂದು ಕಾಡಿನಲ್ಲಿ ಕೆಂಚವ್ವ ಎಂಬ ಚಿಪ್ಪುಹಂದಿ ಇದ್ದಳು. ಇವಳಿಗೆ ಓದು ಹತ್ತುವುದಿಲ್ಲ ಎಂದು ಮೊದಲು ಹೇಳಿದವರು ಮಂಗಟ್ಟೆಹಕ್ಕಿ ಮೇಷ್ಟ್ರು. "ನಿನಗೆ ಕಣ್ಣು ಸರಿಯಾಗಿ ಕಾಣಿಸೋಲ್ಲ. ಗದರಿದರೆ ಉಂಡೆಯಾಗಿ ಸುತ್ತಿಕೊಂಡು ಬಿಡ್ತೀಯ. ಪಾಠ ಯಾರಿಗೆ ಹೇಳಲಿ, ಬೆನ್ನಿಗಾ? ಹೋಗಮ್ಮ, ಇರುವೆ ತಿನ್ನು" ಎಂದು ಮೊದಲ ದಿನವೇ ಎಬ್ಬಿಸಿ ಕಳಿಸಿದರು. ಅವಳ ಸೋದರತ್ತೆಯೂ ಅದನ್ನೇ ಹೇಳಿದಳು. ಗುಮಾಸ್ತ ನರಿ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕ.

ಕೆಂಚವ್ವ ಇರುವೆ ತಿನ್ನಲು ಹೋದಳು. ಆದರೆ ಆ ಕಾಡಿನಲ್ಲಿ ದಪ್ಪ ಇರುವೆಗಳು ಇದ್ದದ್ದು ಗಡಿಮರಗಳ ಮೇಲೆ. ಒಂದು ಕ್ಷೇತ್ರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತೊಗಟೆಯ ಮೇಲೆ ಗೀರಿ ಬರೆದ ಮರಗಳು ಅವು. ಗೀರುಗಳ ಸಂದಿಯಲ್ಲಿ ಇರುವೆ ಸೇರಿಕೊಳ್ಳುತ್ತಿದ್ದವು. ಅವಳು ಉದ್ದನೆಯ ನಾಲಿಗೆಯನ್ನು ಒಂದೊಂದು ಗೀರಿನೊಳಗೂ ಇಳಿಸಿ ನೆಕ್ಕಿದಳು. ಉದ್ದ ಗೀರು, ಗಿಡ್ಡ ಗೀರು, ಬಾಗಿದ ಗೀರು. ಹೊಟ್ಟೆ ತುಂಬಿದ ಮೇಲೂ ನೆಕ್ಕುತ್ತಿದ್ದಳು. ಹೀಗೆ ನಾಲ್ಕು ಬೇಸಿಗೆ ಕಳೆಯುವ ಹೊತ್ತಿಗೆ, ಯಾರನ್ನೂ ಕೇಳದೆ, ಅವಳು ನಾಲಿಗೆಯಿಂದಲೇ ಓದಲು ಕಲಿತಿದ್ದಳು.

ಆ ಕಾಡಿಗೊಂದು ಮಹಾಸಭೆ ಇತ್ತು. ಇಡೀ ಕಾಡನ್ನು ಹದಿನೆಂಟು ಕ್ಷೇತ್ರ ಮಾಡಿ, ಒಂದೊಂದರಿಂದ ಒಬ್ಬೊಬ್ಬರನ್ನು ಆರಿಸಿ ಅಲ್ಲಿಗೆ ಕಳಿಸುತ್ತಿದ್ದರು. ಹತ್ತು ಮಳೆಗಾಲಕ್ಕೊಮ್ಮೆ ಪ್ರಾಣಿಗಳ ಎಣಿಕೆ. ಎಣಿಕೆಯಾದ ಮೇಲೆ ಗಡಿ ಬದಲಾಗುತ್ತಿತ್ತು. ಒಮ್ಮೆ ಬದಲಾದರೆ ಮುಂದಿನ ಹತ್ತು ಮಳೆಗಾಲ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಕೆಂಚವ್ವನದು ಕೆಂಪುದಿಬ್ಬ ಕ್ಷೇತ್ರ. ಅದರ ಕಥೆಯನ್ನೆಲ್ಲ ಅವಳು ಮರದಿಂದ ಮರಕ್ಕೆ ಹೋಗಿ ಓದಿಕೊಂಡಿದ್ದಳು. ಅಜ್ಜಿಯ ಕಾಲದಲ್ಲಿ ಅದು ಎರಡು ಹಳ್ಳಗಳ ನಡುವಿನ ಅಷ್ಟೂ ನೆಲವಾಗಿತ್ತು. ಆಗ ಬಿಲದಲ್ಲಿ ಬಾಳುವವರೇ ಗೆದ್ದು ಮಹಾಸಭೆಗೆ ಹೋಗುತ್ತಿದ್ದರು. ಕಾಳ್ಗಿಚ್ಚಿನ ವರ್ಷ ಮೂಡಲ ದಿಕ್ಕಿನ ಹುಲ್ಲುಗಾವಲು ಜಿಂಕೆಗಳ ಕ್ಷೇತ್ರಕ್ಕೆ ಹೋಯಿತು. ಅದರ ಮುಂದಿನ ಎಣಿಕೆಯಲ್ಲಿ ಬಿದಿರು ಮೆಳೆ ಕೋತಿಗಳ ಪಾಲಾಯಿತು. ಕ್ಷೇತ್ರ ಸಣ್ಣದಾದರೂ ಹೆಸರು ಉಳಿದಿತ್ತು.

ಈ ಸಲ ಗಡಿ ಗೀರುವ ಕೆಲಸ ಗುಮಾಸ್ತ ನರಿಗೆ ಸಿಕ್ಕಿತು. ಅವನು ಪಕ್ಕದ ಹಳ್ಳದಂಡೆ ಕ್ಷೇತ್ರದ ಸದಸ್ಯನೂ ಆಗಿದ್ದ. ಕಾಡುಹಂದಿಗಳು ಅವನ ಜೊತೆ ಒಳಗೊಳಗೇ ಮಾತು ಮುಗಿಸಿದ್ದವು. ದಿಬ್ಬವನ್ನು ಅಗೆದು ಗೆಡ್ಡೆ ತಿನ್ನಲು ಅವಕ್ಕೆ ಮಹಾಸಭೆಯ ಒಪ್ಪಿಗೆ ಬೇಕಿತ್ತು. ಬೇಡ ಎನ್ನಲು ಬಿಲದವರ ಸದಸ್ಯನೇ ಇಲ್ಲದಿದ್ದರೆ ಒಪ್ಪಿಗೆ ಸುಲಭ.

ಮುಳ್ಳುಹಂದಿ ಮಾದಣ್ಣ ಹೊಸ ಗೀರುಗಳನ್ನು ನೋಡಿ ಓಡಿಬಂದ.

"ಅಕ್ಕಾ, ನಮ್ಮ ಕ್ಷೇತ್ರವೇ ಇಲ್ಲ. ನಮ್ಮ ಬಿಲಗಳನ್ನ ಮೂರು ಪಾಲು ಮಾಡಿದ್ದಾನೆ. ಒಂದಷ್ಟು ಜಿಂಕೆಗಳ ಕಡೆಗೆ, ಒಂದಷ್ಟು ಕೋತಿಗಳ ಕಡೆಗೆ, ಮಿಕ್ಕದ್ದು ಕಾಡುಹಂದಿಗಳ ಕಡೆಗೆ. ಗೆರೆ ನೋಡಬೇಕು ನೀನು, ಕೋಳಿ ಕರುಳು ಎಳೆದುಹಾಕಿದ ಹಾಗಿದೆ."

"ದಿಬ್ಬ ಯಾರ ಕಡೆಗೆ ಹಾಕಿದ್ದಾನೆ?" ಎಂದು ಕೇಳಿದಳು ಕೆಂಚವ್ವ.

"ದಿಬ್ಬದ ಮೇಲೆ ಯಾರಿದ್ದಾರೆ? ಬರೀ ಬೋಳು. ಅದನ್ನ ತನ್ನ ಹಳ್ಳದಂಡೆಗೆ ಸೇರಿಸಿಕೊಂಡಿದ್ದಾನೆ."

ಕೆಂಚವ್ವ ಹೋಗಿ ಹೊಸ ಗೀರುಗಳನ್ನು ತಾನೇ ನೆಕ್ಕಿ ಓದಿದಳು. ಆಮೇಲೆ ನೇರವಾಗಿ ನರಿಯ ಹತ್ತಿರ ಹೋದಳು. ನರಿ ಬಂಡೆಯ ನೆರಳಿನಲ್ಲಿ ಉಗುರು ಉಜ್ಜುತ್ತಾ ಕೂತಿದ್ದ.

"ಬಾ ಕೆಂಚವ್ವ. ತಕರಾರಾ? ಓದಿ ನೋಡಿದೆಯೋ, ರುಚಿ ನೋಡಿದೆಯೋ?"

"ಎರಡೂ ಆಯ್ತು ಗುಮಾಸ್ತರೇ. ಬಿಲದವರನ್ನ ಹೇಗೆ ಎಣಿಸಿದಿರಿ?"

"ಹೇಗೆ ಅಂದರೆ? ಸಂಜೆ ಹೊತ್ತು ಬಿಲಗಳ ಬಾಯಿ ಕಾದೆ. ಯಾರು ಯಾವ ಬಾಯಿಂದ ಹೊರಗೆ ಬಂದರೋ ಅವರ ಮನೆ ಅದೇ. ಮೂವತ್ತೆರಡು ಬಾಯಿ, ನೂರ ನಲವತ್ತು ಜೀವ. ಒಂದೂ ತಪ್ಪಿಲ್ಲ."

"ಒಳಗೆ ಇಳಿದು ನೋಡಲಿಲ್ಲವಾ?"

"ನಿಮ್ಮ ಬಿಲದೊಳಗೆ ನಾನ್ಯಾಕೆ ತೂರಲಿ? ಮೂಗಿನ ತುಂಬ ಮಣ್ಣು ಮಾಡಿಕೊಳ್ಳೋಕಾ?"

ಕೆಂಚವ್ವ ಮನಸ್ಸಿನಲ್ಲೇ ನಕ್ಕಳು. ಬಿಲದವರಿಗೆ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಬಾಯಿ ಒಂದು ಕಡೆ, ಹಾಸಿಗೆ ಇನ್ನೊಂದು ಕಡೆ. ಬಾಗಿಲನ್ನು ದೂರದ ಪೊದೆಯಲ್ಲಿ ತೋಡಿ, ಅಲ್ಲಿಂದ ಉದ್ದಕ್ಕೆ ಸುರಂಗ ಕೊರೆದು, ಎಲ್ಲರೂ ಕೆಂಪುದಿಬ್ಬದ ಅಡಿಯ ತಂಪಿನಲ್ಲಿ ಒಟ್ಟಿಗೆ ಮಲಗುತ್ತಿದ್ದರು. ಹೊರಗಿನವರಿಗೆ ಅದು ಗೊತ್ತಾಗಬಾರದು ಎಂದೇ ಅಷ್ಟು ಕಷ್ಟಪಡುತ್ತಿದ್ದರು.

ಮಾರನೆಯ ದಿನ ಮಟಮಟ ಮಧ್ಯಾಹ್ನ ತಕರಾರು ಕೇಳಲು ಆನೆಜ್ಜಿ ದಿಬ್ಬದ ಹತ್ತಿರ ಬಂದಳು. ಯಾರ ಮತ ಎಲ್ಲಿಯದು ಎಂಬ ವಿಷಯದಲ್ಲಿ ಆಕೆಯದೇ ಕೊನೆಯ ಮಾತು. ನರಿಯೂ ಬಂದ. ಜಿಂಕೆ, ಕೋತಿ, ಕಾಡುಹಂದಿಗಳು ಸುತ್ತ ನಿಂತವು.

"ಅಜ್ಜಿ," ಎಂದಳು ಕೆಂಚವ್ವ, "ಎಣಿಕೆಯ ಕಾನೂನು ಈ ಮತ್ತಿಮರದ ಬುಡದಲ್ಲೇ ಇದೆ. ಯಾರು ಎಲ್ಲಿ ಮಲಗುತ್ತಾರೋ ಅವರ ಮತ ಅಲ್ಲಿಯದು. ಹಾಗಂತ ಬರೆದಿದೆ."

"ಅಲ್ಲೇನೂ ಇಲ್ಲ," ಎಂದ ನರಿ. "ತೊಗಟೆ ಬೆಳೆದು ಮುಚ್ಚಿಹೋಗಿದೆ. ಇವಳು ಇರುವೆ ನೆಕ್ಕುತ್ತಾ ಕನಸು ಕಂಡಿರಬೇಕು."

ಆನೆಜ್ಜಿ ಸೊಂಡಿಲ ತುದಿಯಿಂದ ಮರದ ಬುಡವನ್ನು ಮೆಲ್ಲಗೆ ಸವರಿದಳು. ಒಮ್ಮೆ ನಿಲ್ಲಿಸಿ ಮತ್ತೆ ಸವರಿದಳು. "ಇದೆ. ಇದು ನನ್ನ ಅಜ್ಜನ ದಂತದ ಗೀರು. ಅವಳು ಹೇಳಿದಂತೆಯೇ ಇದೆ."

"ಇರಲಿ ಅಜ್ಜಿ," ಎಂದು ನರಿ ತಕ್ಷಣ ದಾರಿ ಬದಲಿಸಿದ. "ಬಿಲದವರು ಬಿಲದಲ್ಲಿ ಮಲಗುತ್ತಾರೆ. ಅಲ್ಲಿಗೆ ನನ್ನ ಎಣಿಕೆ ಸರಿಯಾಯ್ತಲ್ಲ."

"ಬಿಲದ ಬಾಯಿಂದ ಸುರಂಗ ಹಿಡಿದು ಬಂದು ಅವರು ಮಲಗೋದು ಈ ದಿಬ್ಬದ ಕೆಳಗೆ," ಎಂದಳು ಕೆಂಚವ್ವ.

ಮಾದಣ್ಣನ ಮುಳ್ಳುಗಳೆಲ್ಲ ನಿಮಿರಿದವು. "ಅಕ್ಕಾ, ಏನು ಹೇಳ್ತಿದ್ದೀಯ? ಅಜ್ಜ ಮುತ್ತಜ್ಜನ ಕಾಲದಿಂದ ಬಚ್ಚಿಟ್ಟಿದ್ದು."

"ಹಂದಿಗಳು ಬಂದು ದಿಬ್ಬ ಅಗೆದರೆ ಆಮೇಲೆ ಬಚ್ಚಿಡೋಕೆ ಏನು ಉಳಿಯುತ್ತೆ ಮಾದಣ್ಣ?"

ಮಾದಣ್ಣ ಮುಳ್ಳು ಇಳಿಸಿ ಪಕ್ಕಕ್ಕೆ ಸರಿದ.

"ತೋರಿಸಬೇಕಲ್ಲಮ್ಮ," ಎಂದಳು ಆನೆಜ್ಜಿ. "ಸುರಂಗದಲ್ಲಿ ನನ್ನ ಸೊಂಡಿಲೂ ಅಷ್ಟು ದೂರ ಹೋಗುವುದಿಲ್ಲ. ಮೇಲಿನಿಂದ ನಾನೇ ತುಳಿದು ತೆಗೆದರೆ ಒಳಗಿನವರು ಹೂತುಹೋಗುತ್ತಾರೆ. ಏನು ಮಾಡುತ್ತೀಯ?"

"ನಾನು ತೋಡುತ್ತೇನೆ."

ದಿಬ್ಬದ ಮೇಲೆ ಮೊದಲು ಮಣ್ಣು, ಅದರ ಕೆಳಗೆ ಗಟ್ಟಿಯಾದ ಜಂಬಿಟ್ಟಿಗೆ ಕಲ್ಲು. ಮಣ್ಣು ಬೇಗ ಹೋಯಿತು. ಕಲ್ಲು ಹೋಗಲಿಲ್ಲ. ಕೆಂಚವ್ವ ಗೀರಿದಳು, ಕೆರೆದಳು, ಬಾಲ ಊರಿಕೊಂಡು ಮೈಯ ಭಾರವನ್ನೆಲ್ಲ ಮುಂಗಾಲಿಗೆ ಬಿಟ್ಟಳು. ಬಲಗಾಲಿನ ನಡುವಿನ ಉಗುರು ಸೀಳಿತು. ಕೋತಿಗಳು ಹಲ್ಲು ಕಿರಿದವು.

"ಸಾಕು ಬಿಡು ಕೆಂಚವ್ವ," ಎಂದ ನರಿ. "ಸೋತೆ ಅಂದರೆ ಮನೆಗೆ ಹೋಗಬಹುದು."

ಅವಳು ಎಡಗಾಲಿನಿಂದ ತೋಡಿದಳು. ಅದರ ಉಗುರೂ ಬುಡದಿಂದ ಕಿತ್ತುಬಂತು. ಮತ್ತೆ ಬಲಗಾಲು ಹಾಕಿದಳು, ಅದರ ಇನ್ನೊಂದು ಉಗುರೂ ಹೋಯಿತು. ಕಲ್ಲಿನ ಪುಡಿ ರಕ್ತದಲ್ಲಿ ನೆನೆದು ಕೆಸರಾಯಿತು. ಬಿಸಿಲು ವಾಲತೊಡಗಿದಾಗ ಕಲ್ಲಿನ ಒಂದು ಚಕ್ಕೆ ಕಳಚಿ ಒಳಗೆ ಬಿತ್ತು.

"ಯಾರೋ ಅದು ಬೆಳಕು ಬಿಟ್ಟಿದ್ದು?" ಎಂದು ಕೆಳಗಿನಿಂದ ಒಂದು ಮುದಿ ಹೆಗ್ಗಣದ ಗೊಣಗಾಟ ಕೇಳಿಸಿತು. "ಮುಚ್ಚಿ ಅತ್ಲಾಗೆ, ನಿದ್ದೆ ಹಾಳು."

ಆನೆಜ್ಜಿ ತೂತಿನೊಳಗೆ ಸೊಂಡಿಲು ಇಳಿಬಿಟ್ಟಳು. ಮುಳ್ಳುಹಂದಿ, ಚಿಪ್ಪುಹಂದಿ, ಹೆಗ್ಗಣ, ಪುನುಗುಬೆಕ್ಕು ಎಲ್ಲ ಒಂದರ ಪಕ್ಕ ಒಂದು ಮಲಗಿದ್ದವು. ವಾಸನೆ ಹಿಡಿದು ಒಂದೊಂದನ್ನೇ ಎಣಿಸಿದಳು. ಮೇಲೆ ನಿಂತಿದ್ದ ಇಬ್ಬರನ್ನೂ ಸೇರಿಸಿದಳು.

"ನೂರ ನಲವತ್ತು. ಎಣಿಕೆಯಲ್ಲಿ ಗುಮಾಸ್ತ ತಪ್ಪು ಮಾಡಿಲ್ಲ. ಇವರೆಲ್ಲರ ಮತವೂ ಈ ದಿಬ್ಬದ್ದೇ. ಗುಮಾಸ್ತರೇ, ದಿಬ್ಬ ಯಾವ ಕ್ಷೇತ್ರಕ್ಕೆ ಸೇರಿತು?"

ನರಿಯ ಬಾಲ ಕೆಳಗಿಳಿಯಿತು. "ನನ್ನ... ಹಳ್ಳದಂಡೆಗೆ. ಅಜ್ಜಿ, ಒಂದು ನಿಮಿಷ. ಆ ಗೆರೆ ಅವಸರದಲ್ಲಿ ಎಳೆದದ್ದು. ಸಂಜೆಯೊಳಗೆ ತಿದ್ದಿ ಕೊಡ್ತೀನಿ."

"ಎಳೆದ ಗೆರೆ ಹತ್ತು ಮಳೆಗಾಲ ಇರಬೇಕು. ಅದೂ ಮರದಲ್ಲಿ ಬರೆದಿದೆ. ಬೇಕಾದರೆ ಕೆಂಚವ್ವನ ಕೈಲಿ ಓದಿಸಿಕೋ," ಎಂದು ಆನೆಜ್ಜಿ ನೀರು ಕುಡಿಯಲು ಹೊರಟಳು.

ಮುಂದಿನ ಹುಣ್ಣಿಮೆಯ ಬೆಳಿಗ್ಗೆ ಚುನಾವಣೆ ನಡೆಯಿತು. ಹಳ್ಳದಂಡೆಯಲ್ಲಿ ನರಿಯ ಎದುರು ಕೆಂಚವ್ವ ನಿಂತಳು. ಅಲ್ಲಿ ನರಿಗಿದ್ದ ಹಳೆಯ ಮತಗಳು ತೊಂಬತ್ತು. ಅವುಗಳಲ್ಲೂ ಆಮೆಗಳು ಅವನನ್ನು ಬಿಟ್ಟು ಈ ಕಡೆ ಬಂದವು. ಬಿಲದವರು ನಿದ್ದೆಗಣ್ಣಲ್ಲೇ ಸಾಲಾಗಿ ಬಂದು ಒಬ್ಬರೂ ತಪ್ಪದೆ ಮತ ಹಾಕಿದರು. ಕೆಂಚವ್ವ ಗೆದ್ದಳು. ಮಾದಣ್ಣ ಅವಳ ಹಿಂದೆ ಮುಳ್ಳು ಅಲ್ಲಾಡಿಸುತ್ತಾ ದಾರಿಯುದ್ದಕ್ಕೂ ಕುಣಿದ. ಕುಣಿತ ನೋಡಲು ಹತ್ತಿರ ಬಂದವರಿಗೆಲ್ಲ ಚುಚ್ಚಿತು, ಆದರೂ ಯಾರೂ ಬೈಯಲಿಲ್ಲ. ಮಹಾಸಭೆಯಲ್ಲಿ ಅವಳ ಮೊದಲ ಮಾತೇ ಕಾಡುಹಂದಿಗಳ ಅರ್ಜಿಯ ಮೇಲೆ. ಅರ್ಜಿ ಬಿದ್ದುಹೋಯಿತು.

ಈಗ ಮಹಾಸಭೆಯ ಸದಸ್ಯರು ಕೂರುವ ಬಂಡೆಗಳಲ್ಲಿ ಒಂದು ಕೆಂಚವ್ವನದು. ಕೆಂಪುದಿಬ್ಬವಿದೆ, ಅದರ ಕೆಳಗೆ ನೂರ ನಲವತ್ತು ಜನರ ನಿದ್ದೆಯಿದೆ. ಇದಕ್ಕೆ ಅವಳು ಕೊಟ್ಟದ್ದು ಮುಂಗಾಲಿನ ಮೂರು ಉಗುರು. ಅವು ಮತ್ತೆ ಬೆಳೆಯಲಿಲ್ಲ. ಗಟ್ಟಿ ಹುತ್ತವನ್ನು ಅವಳಿಂದ ಒಡೆಯಲಾಗುವುದಿಲ್ಲ, ಬೇರೆಯವರು ಒಡೆದುಕೊಡುವ ತನಕ ಕಾಯಬೇಕು. ಮಲಗುವ ಜಾಗದ ಗುಟ್ಟೂ ಹೋಯಿತು, ಈಗ ಹಗಲೆಲ್ಲ ಸರದಿಯಂತೆ ಒಬ್ಬರು ದಿಬ್ಬ ಕಾಯುತ್ತಾರೆ. ತನ್ನ ಸರದಿಯನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿಲ್ಲ.

ನೀತಿ: ಪರರನ್ನು ಒಡೆದು ಗೆಲ್ಲಲು ಹೊರಟವನು ಕೊನೆಗೆ ತನ್ನ ಲೆಕ್ಕಾಚಾರದಲ್ಲೇ ಸಿಕ್ಕಿಬೀಳುತ್ತಾನೆ, ತನ್ನ ಹಕ್ಕನ್ನು ತಾನೇ ಓದಿ ತಿಳಿದು, ಅದಕ್ಕಾಗಿ ನೋವು ಉಣ್ಣಲು ಸಿದ್ಧಳಾದವಳನ್ನು ಯಾರೂ ಗಡಿಯ ಆಚೆಗೆ ಇಡಲಾರರು.