ಸುಳ್ಳುಗೋರಿ ದಿನ್ನೆ

ಘಟಪ್ರಭೆಯ ದಂಡೆ ಬಿಟ್ಟು ನಮ್ಮ ಬೆಳವಲಹಟ್ಟಿಗೆ ಬರುವ ದಾರಿಯಲ್ಲಿ ಎಡಗಡೆಗೆ ಒಂದು ಬೋಳು ದಿನ್ನೆ ಕಾಣುತ್ತದೆ. ಎಮ್ಮೆಯೊಂದು ದಣಿಯದೆ ಹತ್ತುವಷ್ಟು ಎತ್ತರ; ಆದರೂ ನಮ್ಮೂರಿನದಾದ್ದರಿಂದ ಪರ್ವತವೆಂದು ತಿಳಿದರೆ ನಾವು ಬೇಡವೆನ್ನುವುದಿಲ್ಲ. ಮೇಲೆ ಸಾಲಾಗಿ ಗೋರಿಗಳಿವೆ. ನಡುವಿನದೊಂದಕ್ಕೆ ದೊಡ್ಡ ಹಾಸುಗಲ್ಲು ಮುಚ್ಚಿದೆ, ಅದರ ಅಂಚು ನುಣುಪಾಗಿ ಸವೆದಿದೆ. ಸುತ್ತಲಿನ ಊರುಗಳಿಗೆ ಕೋಟೆಗಳಿವೆ, ಬುರುಜುಗಳಿವೆ, ಹೇಳಿಕೊಳ್ಳಲು ರಾಜರಿದ್ದಾರೆ. ನಮಗೆ ಇರುವುದು ಒಂದು ಸುಳ್ಳು. ಆದರೆ ಅಂಥ ಸುಳ್ಳನ್ನು ಈ ಸೀಮೆಯಲ್ಲಿ ಇನ್ಯಾರೂ ಹೇಳಿಲ್ಲವೆಂದು ನಾನು ಎದೆ ತಟ್ಟಿ ಹೇಳಬಲ್ಲೆ. ಆ ಗೋರಿಗಳಲ್ಲಿ ಒಂದನ್ನು ಬಿಟ್ಟು ಯಾವುದರಲ್ಲೂ ಹೆಣವಿಲ್ಲ.

ಹಿಂದೆ ಒಮ್ಮೆ, ಕಂಪನಿ ಸರಕಾರದ ಕಾಲದಲ್ಲಿ, ಪ್ರಜೆಗಳು ತಮ್ಮಲ್ಲಿರುವ ಆಯುಧಗಳನ್ನೆಲ್ಲ ತಂದೊಪ್ಪಿಸಬೇಕೆಂದು ಹುಕುಂ ಬಂತು. ನಮ್ಮ ಹಟ್ಟಿಯವರು ಬೇಡರು, ತಲೆತಲಾಂತರದಿಂದ ಸೀಮೆಯ ಕಾವಲುಗಾರರು. ಕತ್ತಿ ಅವರಿಗೆ ಬರಿಯ ಕಬ್ಬಿಣವಾಗಿರಲಿಲ್ಲ, ಮನೆಯ ಹಿರಿಯನಾಗಿತ್ತು. ಮದುವೆಯಲ್ಲಿ ಮೊದಲ ಅರಿಸಿನ ಅದಕ್ಕೆ, ಹಬ್ಬದಲ್ಲಿ ಮೊದಲ ಹೋಳಿಗೆ ಅದಕ್ಕೆ. ಆ ಕಾಲದ ನಮ್ಮವರ ಶೌರ್ಯವನ್ನು ಪೂರ್ತಿ ಹೇಳಿದರೆ ನೀವು ನಂಬಲಿಕ್ಕಿಲ್ಲ. ತಳವಾರ ಲಗಮನ ಕಾಲನ್ನು ತೋಳ ಕಚ್ಚಿತ್ತಂತೆ. ಅಂದಿನಿಂದ ಲಗಮ ಕುಂಟಿದ್ದು ನಿಜ, ಆದರೆ ತೋಳ ಊಟವನ್ನೇ ಬಿಟ್ಟಿತು ಎನ್ನುತ್ತಾರೆ. ಇಂಥವರಿಗೆ ಹುಕುಂ ಬಂದಾಗ ಪಕ್ಕದ ಹಳ್ಳಿಯೊಂದು ಒಪ್ಪಲಿಲ್ಲ. ಆ ಹಳ್ಳಿಯ ಹೊಗೆ ನಮ್ಮ ಹಟ್ಟಿಗೆ ಕಾಣುತ್ತಿತ್ತು. ಗಂಡಸರನ್ನು ಬೇವಿನ ಮರಕ್ಕೆ ತೂಗುಹಾಕಿದ ಸುದ್ದಿ ಹೊಗೆಯ ಬೆನ್ನಿಗೇ ಬಂತು.

ಆಗ ನಮ್ಮವರು ಸುಳ್ಳನ್ನು ಕಟ್ಟಿದರು. ಕತ್ತಿ ಇದ್ದ ಗಂಡಸರೆಲ್ಲ ಕಾಲರಾದಿಂದ ಸತ್ತರೆಂದು ಸಾರಿದರು. ಒಂದೊಂದು ಕತ್ತಿಗೆ ಒಂದೊಂದು ಚಟ್ಟ ಕಟ್ಟಿ, ಹೂ ಹಾಕಿ, ಹಲಗೆ ಬಡಿಸಿ ದಿನ್ನೆಯ ಮೇಲೆ ಮಣ್ಣುಮಾಡಿದರು. ಅಳುವುದರಲ್ಲಿ ನಮ್ಮ ಹೆಂಗಸರನ್ನು ಮೀರಿಸುವವರು ಅಂದೂ ಇರಲಿಲ್ಲ, ಇಂದೂ ಇಲ್ಲ; ಅವರ ಅಳು ಕೇಳಿ ಹೊಳೆಯಾಚೆಯ ಊರಿನವರೂ ಯಾರಿಗೆಂದು ತಿಳಿಯದೆ ಅತ್ತರಂತೆ. ಗಂಡಸರು ಹಳ್ಳದ ಕೊರಕಲುಗಳಲ್ಲಿ ಅಡಗಿದರು. ಕುಂಟ ಲಗಮನಿಗೆ ಅಷ್ಟು ದೂರ ಓಡಲಾಗದು. ಅವನ ಹೆಂಡತಿ ನಿಂಬೆವ್ವ ಅವನನ್ನು ಅಂಗಳದ ಹಗೇವಿನಲ್ಲಿ, ಜೋಳ ತುಂಬಿಡುವ ನೆಲದಡಿಯ ಕುಣಿಯಲ್ಲಿ, ಇಳಿಸಿದಳು. ಹಗೇವಿನ ಗಾಳಿ ಕೆಟ್ಟದ್ದು, ಮುಚ್ಚಿಟ್ಟರೆ ಉಸಿರು ಕಟ್ಟುತ್ತದೆ. ಅದಕ್ಕೇ ಬಾಯಿಯ ಹಾಸುಗಲ್ಲನ್ನು ಸ್ವಲ್ಪ ಸರಿಸಿಟ್ಟಿದ್ದಳು. ಆಗಾಗ ಬಂದು ಬಳೆಗೈಯಿಂದ ಕಲ್ಲನ್ನು ತಟ್ಟುವಳು. ಒಳಗಿನಿಂದ ಲಗಮ ಒಮ್ಮೆ ಕುಟ್ಟುವನು. ಇದ್ದೇನೆ ಎಂದು ಅದರ ಅರ್ಥ.

ಮೂರನೆಯ ದಿನ, ಗೋರಿಗಳಿಗೆ ಹಾಲುತುಪ್ಪ ಬಿಟ್ಟು ಬರುವಷ್ಟರಲ್ಲಿ, ಸರಕಾರದ ಕಾರಕೂನ ರಾಘೋಪಂತ ಸಿಪಾಯಿಗಳೊಡನೆ ಹಟ್ಟಿಗೆ ಬಂದ. ಕುದುರೆಯಿಂದ ಇಳಿಯುತ್ತಲೇ ನಕ್ಕ. “ಭಾರಿ ಶಾಣ್ಯಾ ಕಾಲರಾ ಐತಿ ನಿಮ್ಮದು. ಕತ್ತಿ ಇದ್ದವರನ್ನಷ್ಟ ಆರಿಸಿ ಒಯ್ದೈತಿ” ಎಂದ. ನಿಂಬೆವ್ವ ಓಡಿಹೋಗಿ ಹಗೇವಿನ ಕಲ್ಲನ್ನು ಎಳೆದು ಬಾಯಿ ಪೂರ್ತಿ ಮುಚ್ಚಿ, ಅದರ ಮೇಲೆ ಮೊರ ಇಟ್ಟುಕೊಂಡು ಜೋಳ ಕೇರುತ್ತ ಕುಳಿತಳು. ಕಾರಕೂನ ಅವಳೆದುರಿಗೇ ಬಂದು ನಿಂತು ಅವಳ ಕೈ ನೋಡಿದ.

“ಏನವಾ ತಂಗಿ, ಗಂಡ ಸತ್ತಾನಂತಿ. ಕೈತುಂಬ ಹಸರ ಬಳಿ ಯಾರ ಸಲುವಾಗಿ?”

ಅಷ್ಟು ದೊಡ್ಡ ಸುಳ್ಳು ಕಟ್ಟಿದ ಊರು ಇದೊಂದನ್ನು ಮರೆತಿತ್ತು. ಮರೆತಿತ್ತೆನ್ನುವುದಕ್ಕಿಂತ, ಗಂಡ ಬದುಕಿರುವಾಗ ಬಳೆ ಒಡೆಯುವ ಮಾತನ್ನು ಯಾವ ಬಾಯಿಯೂ ಆಡಲಾರದಾಗಿತ್ತು. ಕತ್ತಿಗೆ ಚಟ್ಟ ಕಟ್ಟಿದವರಿಗೆ ಆ ಧೈರ್ಯ ಬರಲಿಲ್ಲ. ಹಟ್ಟಿಯ ಹೆಂಗಸರೆಲ್ಲ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ಹಾಲು ಬಿಟ್ಟ ಮ್ಯಾಲ ಒಡಿಯೂದು ನಮ್ಮ ರೂಢಿರೀ, ರಾಯರ” ಎಂದಳು ನಿಂಬೆವ್ವ. “ನೀವು ಬಂದ್ರಿ, ತಡಾ ಆತು.”

ಮೊರವನ್ನು ಸರಿಸಿ ಎರಡೂ ಕೈಗಳನ್ನು ಆ ಕಲ್ಲಿಗೇ ಅಪ್ಪಳಿಸಿದಳು. ಬಳೆಯ ಸದ್ದು ಕೇಳಿದ್ದೇ ತಡ, ಒಳಗಿನಿಂದ ಲಗಮ ಕುಟ್ಟಿದ. ಪಾಪ, ಅವನಿಗೇನು ಗೊತ್ತು. ಆ ಸದ್ದು ಕಾರಕೂನನ ಕಿವಿಗೆ ಬೀಳುವ ಮೊದಲೇ ನಿಂಬೆವ್ವ ಹಣೆಯನ್ನು ಕಲ್ಲಿಗೆ ಚಚ್ಚಿಕೊಂಡಳು, ಮತ್ತೆ ಮತ್ತೆ ಚಚ್ಚಿಕೊಂಡಳು. ಅವಳನ್ನು ನೋಡಿ ಉಳಿದ ಹೆಂಗಸರೂ ಹೊಸ್ತಿಲಿಗೆ, ಒರಳಿಗೆ, ಗೋಡೆಗೆ ಕೈ ಬಡಿದರು. ಆ ದಿನದ ಅಳುವಿನ ಬಗ್ಗೆ ಮಾತ್ರ ನಮ್ಮೂರವರು ಜಂಬ ಕೊಚ್ಚುವುದಿಲ್ಲ.

ಕಾರಕೂನ ನಂಬಿದನೋ ಇಲ್ಲವೋ ತಿಳಿಯದು. “ಊರು ಶೋಧ ಆಗೂತನಕ ಇಲ್ಲೇ ಕೂಡ್ರಿ” ಎಂದು ಕೆಲವು ಸಿಪಾಯಿಗಳಿಗೆ ಹೇಳಿ, ಉಳಿದವರೊಡನೆ ಮನೆಮನೆ ಹುಡುಕಲು ಹೋದ. ಅವರಿಗೆ ಆ ಅಂಗಳದಲ್ಲಿ ಕುಳಿತುಕೊಳ್ಳಲು ಇದ್ದದ್ದು ಬೇವಿನ ನೆರಳಿನ ಆ ತಂಪು ಕಲ್ಲು. ಅದರ ಮೇಲೆ ಕುಳಿತು ಎಲೆಯಡಿಕೆ ಹಾಕಿದರು, ಪಗಡೆ ಆಡಿದರು. ನಿಂಬೆವ್ವ ಎದುರಿನ ಕಟ್ಟೆಯ ಮೇಲೆ ಕುಳಿತೇ ಇದ್ದಳು. ಕಲ್ಲು ಸರಿಸಿರೆಂದರೆ ಲಗಮನಿಗೆ ಉಸಿರು, ಆಮೇಲೆ ಬೇವಿನ ಮರ. ಅವನ ಹಿಂದೆಯೇ ಕೊರಕಲಿನಲ್ಲಿದ್ದವರೆಲ್ಲರಿಗೂ ಅದೇ ಮರ. ಸುಮ್ಮನಿದ್ದರೆ ಏನಾಗುವುದೆಂದು ಜೋಳ ಬೆಳೆಯುವ ಸೀಮೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಬೇಕಿರಲಿಲ್ಲ. ನೆರೆಯವಳೊಬ್ಬಳು ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು. “ನೀ ಏನರೆ ಅಂದರ ನಾವು ಬ್ಯಾಡ ಅನ್ನೂದಿಲ್ಲವ್ವಾ” ಎಂದಳು. ನಿಂಬೆವ್ವ ಏನೂ ಅನ್ನಲಿಲ್ಲ. ಹೊತ್ತು ಇಳಿದು ಸಿಪಾಯಿಗಳು ಎದ್ದುಹೋದ ಮೇಲೆ ಬರಿಗೈಯಿಂದ ಕಲ್ಲನ್ನು ತಟ್ಟಿದಳು. ಒಳಗಿನಿಂದ ಸದ್ದು ಬರಲಿಲ್ಲ.

ಲಗಮನನ್ನು ಅವನದೇ ಗೋರಿಯಲ್ಲಿ, ಅವನದೇ ಕತ್ತಿಯ ಪಕ್ಕದಲ್ಲಿ ಮಲಗಿಸಿದರು. ಹಲಗೆ ಬಡಿಯುವಂತಿರಲಿಲ್ಲ. ಅಳುವಂತಿರಲಿಲ್ಲ, ಅಳುವುದೆಲ್ಲ ಮುಗಿದಿತ್ತಲ್ಲ, ಸತ್ತವನು ಎರಡನೆಯ ಸಲ ಸಾಯುವುದೆಲ್ಲಿ? ಹಗೇವಿನ ಕಲ್ಲನ್ನೇ ಹೊತ್ತುಕೊಂಡು ಹೋಗಿ ಮೇಲೆ ಮುಚ್ಚಿದರು.

ವರ್ಷ ಕಳೆದು ಸರಕಾರ ಮಾಫಿ ಸಾರಿತು. ಕೊರಕಲಿನ ಗಂಡಸರು ಒಬ್ಬೊಬ್ಬರಾಗಿ ಮನೆಗೆ ಬಂದರು. ಬಂದವರಿಗೆ ಹೆಂಡಿರ ಬೋಳು ಕೈ ಕಾಣಿಸಿತು. ಮಠದ ಅಯ್ಯನವರು ತಲೆಯಾಡಿಸಿ, “ಒಡದ ಕೈಗೆ ಮತ್ತ ಬಳಿ ಇಡೂದು ಶಾಸ್ತ್ರದಾಗ ಇಲ್ಲರವ್ವಾ” ಎಂದರು. ಆಗ ನಿಂಬೆವ್ವ ಬಳೆಗಾರನನ್ನು ದಿನ್ನೆಗೆ ಕರೆಸಿದಳು. ಅಯ್ಯನವರೂ ಹಿಂದೆಯೇ ಹತ್ತಿ ಬಂದರು.

“ಶಾಸ್ತ್ರದಾಗ ಸುಳ್ಳು ಗೋರೀನೂ ಇರಲಿಲ್ಲರೀ, ಅಯ್ಯನವರ” ಎಂದು, ಆ ಹೆಂಗಸರಿಗೆಲ್ಲ ತನ್ನ ಕೈಯಿಂದಲೇ ಬಳೆ ತೊಡಿಸಿದಳು. ಕಡೆಗೆ ತನಗೂ ತೊಟ್ಟುಕೊಂಡಳು.

“ನಿನ್ನ ಗಂಡ ಖರೇನಽ ಸತ್ತಾನಲ್ಲವಾ?” ಎಂದರು ಅಯ್ಯನವರು, ಮೆಲ್ಲಗೆ.

“ನಾ ಒಡದಾಗ ಅಂವ ಜೀವಂತ ಇದ್ದ. ಸತ್ತ ಮ್ಯಾಲ ನಾ ಒಡದಿಲ್ಲ, ಅತ್ತೂ ಇಲ್ಲ. ನನ್ನ ಪಾಲಿನ ಮುಂಡೆತನಾ ಸರಕಾರಕ್ಕ ಕೊಟ್ಟಾಗೇತಿ. ಇನ್ನ ಯಾರಿಗೂ ಕೊಡಾಕ ಉಳದಿಲ್ಲ.”

ಅಯ್ಯನವರು ಇಳಿದುಹೋದರು ಎನ್ನುತ್ತಾರೆ. ಮುಂದಿನ ವರ್ಷ ಬೇರೆ ಊರಿನ ವಿಧವೆಯೊಬ್ಬಳು ದಿನ್ನೆ ಹತ್ತಿದಳು. ಅವಳ ಗಂಡ ಸುಳ್ಳಿಗೆ ಸತ್ತವನಲ್ಲ. ನಿಂಬೆವ್ವ ಕೇಳದೆ ತೊಡಿಸಿದಳು. ಅಲ್ಲಿಂದ ಅದೊಂದು ನಡೆಯಾಯಿತು. ಎಷ್ಟೋ ಕಾಲದ ಮೇಲೆ ಹೆಂಡದಂಗಡಿಯ ಮುಂದೆ ಧರಣಿ ಕೂರುವ ಚಳವಳಿ ಈ ಸೀಮೆಗೆ ಬಂದಾಗ, ಮೊದಲು ಹೋಗಿ ಕುಳಿತವರು ಈ ದಿನ್ನೆಯಲ್ಲಿ ಬಳೆ ತೊಟ್ಟ ಮುದುಕಿಯರು. ಪೊಲೀಸರು ಕೈಹಿಡಿದು ಎಳೆದಾಗ, ಮೆಲ್ಲಗ ಹಿಡಿಯೋ ತಮ್ಮಾ, ಬಳಿ ಭಾಳ ತುಟ್ಟಿ ಬಿದ್ದಾವ ಎಂದರಂತೆ.

ಇಂದಿಗೂ ಹೋದರೆ ನೋಡಬಹುದು. ಬಳೆಗಾರರು ಹಸಿರು ಬಳೆಯ ಮಲಾರ ಹರವಿ ಕುಳಿತಿರುತ್ತಾರೆ. ಗಂಡ ಸತ್ತ ಹೆಂಗಸರು ದೂರದೂರದಿಂದ ಬಂದು ತೊಟ್ಟುಕೊಳ್ಳುತ್ತಾರೆ. ಅಲ್ಲಿ ಅಳಬಾರದೆಂಬ ಕಟ್ಟಳೆಯಿದೆ. ತೊಟ್ಟವಳು ಹಾಸುಗಲ್ಲಿನ ಬಳಿ ಮೊಣಕಾಲೂರಿ, ಒಂದು ಬಳೆಯೂ ಒಡೆಯದಂತೆ ಅದರ ಅಂಚನ್ನು ಮೆಲ್ಲಗೆ ತಟ್ಟುತ್ತಾಳೆ; ಆಮೇಲೆ ಕಲ್ಲಿಗೆ ಕಿವಿಯಿಡುತ್ತಾಳೆ. ಒಳಗಿನಿಂದ ಇದುವರೆಗೆ ಯಾರಿಗೂ ಏನೂ ಕೇಳಿಸಿಲ್ಲ. ನಮ್ಮೂರವರು ಎಂಥೆಂಥ ಸುಳ್ಳನ್ನೋ ಹೇಳಿದ್ದಾರೆ, ಕೇಳಿಸಿತೆಂದು ಮಾತ್ರ ಯಾರೂ ಹೇಳಿಲ್ಲ.